ರೇಡಿಯೋ ಬೇಡ ಅಂದ ಪೆಟ್ಟಿಗೆ, ನಾಗಪುರದ ಹುಡುಗ: ಮನೋಹರ ಚಿಮೋಟೆ ಮತ್ತು ಸಂವಾದಿನಿ

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಇಟ್ಟಿದ್ದೇನೆ. ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ, ಮೀಟಿಂಗ್ ಮಧ್ಯೆ ಆಡಿಯೋ ಹಾಕೋಕಾಗದೆ ಇರೋರಿಗೆ ಅನುಕೂಲ ಆಗಲಿ ಅಂತ. ವಿಡಿಯೋದಲ್ಲಿ ಅವಸರದಲ್ಲಿ ದಾಟಿಹೋದ ಲೆಕ್ಕವನ್ನೂ ಇಲ್ಲಿ ನಿಧಾನವಾಗಿ ಬಿಡಿಸಿದ್ದೇನೆ.

ನಾಗಪುರ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಮಿಹಾನ್, ವಾರ್ಧಾ ರೋಡ್, ಕಿತ್ತಳೆ ಹಣ್ಣು, ಮೇ ತಿಂಗಳ ಬಿಸಿಲು. ಹಬ್ಬ ಬಂತು ಅಂದ್ರೆ ರಾಜಧಾನಿಯಲ್ಲೋ ಸಂಘಮಿತ್ರದಲ್ಲೋ ಒಂದು ಬರ್ತ್ ಸಿಕ್ಕರೆ ಸಾಕು ಅನ್ನೋ ಚಿಂತೆ. ಈ ಊರಿಗೆ ಇನ್ನೊಂದು ಲೆಕ್ಕವೂ ಇದೆ. ಹಿಂದೂಸ್ತಾನಿ ಸಂಗೀತದಲ್ಲಿ ಹಾರ್ಮೋನಿಯಂ ಅನ್ನೋ ವಾದ್ಯಕ್ಕೆ 'ಸಂವಾದಿನಿ' ಅಂತ ಹೊಸ ಹೆಸರಿಟ್ಟು, ಅದನ್ನು ಪಕ್ಕವಾದ್ಯದ ಜಾಗದಿಂದ ಎಬ್ಬಿಸಿ ವೇದಿಕೆಯ ಮಧ್ಯಕ್ಕೆ ತಂದು ಕೂರಿಸಿದವರಲ್ಲಿ ಮುಖ್ಯರಾದ ಪಂಡಿತ್ ಮನೋಹರ ಚಿಮೋಟೆ ಹುಟ್ಟಿದ್ದು ಇದೇ ನಾಗಪುರದಲ್ಲಿ. 1929ರಲ್ಲಿ. ತೀರಿಕೊಂಡಿದ್ದು 2012ರಲ್ಲಿ, ಮುಂಬೈಯಲ್ಲಿ.

ಇವರ ಕತೆ ಯಾಕೆ ಹೇಳಬೇಕು ಅಂದ್ರೆ ಒಂದು ವಿಚಿತ್ರ ಕಾರಣಕ್ಕೆ. ಇವರು ಹುಡುಗರಾಗಿದ್ದಾಗಲೇ ಇಡೀ ದೇಶದ ರೇಡಿಯೋ 'ಈ ವಾದ್ಯ ನಮಗೆ ಬೇಡ' ಅಂತ ತೀರ್ಮಾನ ಮಾಡಿತ್ತು. ಆ ತೀರ್ಮಾನ ಸಡಿಲ ಆಗೋ ಹೊತ್ತಿಗೆ ಇವರಿಗೆ ವಯಸ್ಸು ನಲವತ್ತು ದಾಟಿತ್ತು. ಅಷ್ಟು ವರ್ಷ, ದೇಶದ ಅತಿ ದೊಡ್ಡ ಸಂಗೀತದ ಮಾಲೀಕ ಒಪ್ಪದ ವಾದ್ಯವನ್ನು ಹಿಡಿದುಕೊಂಡು ಒಬ್ಬ ಮನುಷ್ಯ ಬದುಕು ಕಟ್ಟೋದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ಈ ಪೆಟ್ಟಿಗೆ ಎಲ್ಲಿಂದ ಬಂತು?

ಮೊದಲು ವಾದ್ಯದ ಜಾತಕ ನೋಡೋಣ. ಹಾರ್ಮೋನಿಯಂ ನಮ್ಮದಲ್ಲ. ಚರ್ಚುಗಳಲ್ಲಿ ಇರುವ ದೊಡ್ಡ ಆರ್ಗನ್ ಇದೆಯಲ್ಲ, ಗೋಡೆ ತುಂಬ ಕೊಳವೆಗಳಿರೋದು, ಅದರ ಬಡ ತಮ್ಮ ಇದು. ದೊಡ್ಡ ಆರ್ಗನ್ನಿಗೆ ಕಟ್ಟಡ ಬೇಕು, ದುಡ್ಡು ಬೇಕು. ಸಣ್ಣ ಚರ್ಚಿಗೆ, ಮನೆಗೆ ಅದು ಆಗೋ ಮಾತಲ್ಲ. ಹಾಗಾಗಿ ಯುರೋಪಿನಲ್ಲಿ ಕೊಳವೆಯ ಬದಲು ಹಿತ್ತಾಳೆಯ ತೆಳು ನಾಲಿಗೆಗಳನ್ನು ಹಾಕಿ, ಗಾಳಿ ಊದಿ ನುಡಿಸೋ ಪೆಟ್ಟಿಗೆಗಳು ಬಂದವು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ 'ಹಾರ್ಮೋನಿಯಂ' ಅನ್ನೋ ಹೆಸರಿನಲ್ಲಿ ಪೇಟೆಂಟ್ ಮಾಡಿಸಿದ. ಕುರ್ಚಿಯ ಮೇಲೆ ಕೂತು, ಎರಡೂ ಕಾಲಲ್ಲಿ ತುಳಿದು ಗಾಳಿ ತುಂಬಿ, ಎರಡೂ ಕೈಯಲ್ಲಿ ನುಡಿಸೋ ವಾದ್ಯ ಅದು.

ಮಿಷನರಿಗಳ ಜೊತೆ ಅದು ಭಾರತಕ್ಕೆ ಬಂತು. ಇಲ್ಲಿ ಒಂದು ತೊಡಕು. ನಮ್ಮ ಸಂಗೀತಗಾರರು ಕೂರೋದು ನೆಲದ ಮೇಲೆ, ಜಮಖಾನದ ಮೇಲೆ. ಕಾಲಿಗೆ ಕೆಲಸ ಇಲ್ಲ. ಎರಡು ಕೈಯಲ್ಲಿ ಸ್ವರಗುಚ್ಛ ನುಡಿಸೋ ಪದ್ಧತಿಯೂ ಇಲ್ಲ, ನಮ್ಮದು ಒಂದೇ ಎಳೆಯ ರಾಗ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರ ದ್ವಾರ್ಕಿನ್ ಕಂಪನಿ ಈ ತೊಡಕು ಬಿಡಿಸಿತು. ಕಾಲುಗಳನ್ನು ತೆಗೆದುಹಾಕಿ, ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ಕೂರಿಸಿ, ಎಡಗೈಯಲ್ಲಿ ಗಾಳಿ, ಬಲಗೈಯಲ್ಲಿ ಸ್ವರ ಅನ್ನೋ ಹಾಗೆ ಮಾಡಿತು. ಹೊರಗಿನಿಂದ ಬಂದ ವಾದ್ಯ ಮೊದಲು ಕಲಿತದ್ದು ಚಕ್ಕಂಬಕ್ಕಲ ಹಾಕಿ ಕೂರೋದನ್ನು.

ರೀಡುಗಳು ಮೊದಲು ಯುರೋಪಿನಿಂದ ಬರುತ್ತಿದ್ದವು. ಆಮೇಲೆ ಗುಜರಾತಿನ ಪಾಲಿತಾಣಾದಲ್ಲೇ ತಯಾರಾಗತೊಡಗಿದವು. ಜೈನರ ಬೆಟ್ಟದ ದೇವಸ್ಥಾನಗಳಿಗೆ ಹೆಸರಾದ ಊರು, ಹಾರ್ಮೋನಿಯಂ ಮಾಡೋರಿಗೆ ಮಾತ್ರ ರೀಡಿನ ಊರು.

ಪೇಟಿ ಮಾಸ್ತರ್ ಅಂದ್ರೆ ಸುಮ್ಮನೆ ಅಲ್ಲ

ಕಾಲಲ್ಲಿ ತುಳಿಯೋ ಆರ್ಗನ್ ಪೂರ್ತಿ ಹೋಗಲಿಲ್ಲ, ನಾಟಕ ಕಂಪನಿಗಳಲ್ಲಿ ಉಳಿದುಕೊಂಡಿತು. ಇಲ್ಲಿ ನಮಗೂ ಮರಾಠಿಯವರಿಗೂ ಒಂದು ಹಳೆಯ ನಂಟಿದೆ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಶಾಕುಂತಲ' 1880ರಲ್ಲಿ ರಂಗಕ್ಕೆ ಬಂತು. ಅದಕ್ಕೂ ಮುಂಚೆ, 1843ರಲ್ಲಿ, ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದಕ್ಕೆ ಪ್ರೇರಣೆ ಕರ್ನಾಟಕದ ಕಡೆಯಿಂದ ಹೋದ ಭಾಗವತರ ಮೇಳ. ಆಮೇಲೆ ಅದೇ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡಕ್ಕೆ ಬಂದು ಆಡಿ, ಅವರನ್ನು ನೋಡಿ ಕನ್ನಡ ಕಂಪನಿಗಳು ಬೆಳೆದವು. ಕೊಟ್ಟಿದ್ದು ಬಡ್ಡಿ ಸಮೇತ ವಾಪಸ್ ಬಂತು ಅನ್ನಬಹುದು.

ಈ ಕಂಪನಿಗಳಲ್ಲಿ ರಂಗದ ಮುಂದೆ ಕೂತು ಆರ್ಗನ್ನೋ ಹಾರ್ಮೋನಿಯಮ್ಮೋ ನುಡಿಸೋ ವ್ಯಕ್ತಿಯನ್ನು ನಮ್ಮ ಉತ್ತರ ಕರ್ನಾಟಕದಲ್ಲಿ 'ಪೇಟಿ ಮಾಸ್ತರ್' ಅಂತಾರೆ. ಅವರು ಬರೀ ವಾದಕ ಅಲ್ಲ. ನಾಟಕಕಾರ ಪದ ಬರೆದು ಕೊಟ್ಟರೆ, ಅದಕ್ಕೆ ಮಟ್ಟು ಹಾಕೋದು ಅವರೇ. ಹೊಸ ಹುಡುಗನಿಗೆ ಹಾಡು ಕಲಿಸೋದು ಅವರೇ. ರಾಜಾ ಪಾರ್ಟಿನವರಿಗೆ ಅವತ್ತು ಗಂಟಲು ಕಟ್ಟಿದ್ದರೆ ಒಂದು ಮನೆ ಇಳಿಸಿ ನುಡಿಸೋದು, ಯಾರೋ ಮಾತು ಮರೆತರೆ ಒಂದು ಸ್ವರದೆಳೆ ಎಳೆದು ಹೊತ್ತು ತುಂಬೋದು, ಎಲ್ಲಾ ಅವರೇ. ಹಾಗಾಗಿ ನಮ್ಮ ಕಡೆ ವಾದಕ, ಸಂಗೀತ ಸಂಯೋಜಕ ಅನ್ನೋ ಎರಡು ಕೆಲಸ ಒಂದೇ ಪೀಠದ ಮೇಲೆ ಕೂತಿದ್ದವು.

ಇದಕ್ಕೆ ದೊಡ್ಡ ಉದಾಹರಣೆ ಕೊಲ್ಲಾಪುರದ ಗೋವಿಂದರಾವ್ ಟೆಂಬೆ. 1881ರಲ್ಲಿ ಹುಟ್ಟಿದ ಇವರು ಹಾರ್ಮೋನಿಯಂ ವಾದಕರಾಗಿ ಹೆಸರು ಮಾಡಿದರು, ಭಾಸ್ಕರಬುವಾ ಬಖಲೆಯಂಥ ಗಾಯಕರಿಗೆ ಸಾಥ್ ಕೊಟ್ಟರು. 1911ರಲ್ಲಿ 'ಮಾನಾಪಮಾನ' ನಾಟಕಕ್ಕೆ ಅವರು ಹಾಕಿದ ಮಟ್ಟುಗಳನ್ನು ಇವತ್ತಿಗೂ ಮರಾಠಿ ಮನೆಗಳಲ್ಲಿ ಹಾಡ್ತಾರೆ. 1932ರಲ್ಲಿ ಪ್ರಭಾತ್ ಕಂಪನಿಯ ಟಾಕಿ ಚಿತ್ರ 'ಅಯೋಧ್ಯೇಚಾ ರಾಜಾ'ಕ್ಕೆ ಸಂಗೀತವೂ ಅವರದೇ. ಹಾರ್ಮೋನಿಯಂ ಸೋಲೋ ನುಡಿಸೋದರಲ್ಲೂ ಅವರು ಮೊದಲಿಗರ ಸಾಲಿನವರು.

ಅಂದ್ರೆ ಚಿಮೋಟೆ ಹುಟ್ಟೋ ಹೊತ್ತಿಗೆ, ಮಧ್ಯ ಪ್ರಾಂತ್ಯದ ರಾಜಧಾನಿಯಾಗಿದ್ದ ಮರಾಠಿ-ಹಿಂದಿ ಬೆರೆತ ನಾಗಪುರದಲ್ಲಿ, ಹಾರ್ಮೋನಿಯಂ ಪರಕೀಯ ವಸ್ತು ಅಂತ ಜನಸಾಮಾನ್ಯರಿಗೆ ಅನ್ನಿಸುತ್ತಲೇ ಇರಲಿಲ್ಲ. ಭಜನೆಗೆ ಅದೇ, ಕೀರ್ತನೆಗೆ ಅದೇ, ನಾಟಕಕ್ಕೂ ಅದೇ. ಆದರೆ ದೊಡ್ಡವರ ಲೋಕದಲ್ಲಿ ಬೇರೆ ಮಾತು ನಡೀತಿತ್ತು.

1940ರ ಮಾರ್ಚ್ 1

ಆನಂದ ಕುಮಾರಸ್ವಾಮಿ ಅವರಂಥ ಕಲಾ ವಿದ್ವಾಂಸರು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಈ ವಾದ್ಯವನ್ನು ಟೀಕಿಸಿದ್ದರು. ರವೀಂದ್ರನಾಥ ಟಾಗೋರರಿಗೂ ಇದು ಇಷ್ಟ ಇರಲಿಲ್ಲ. ತಮ್ಮ ಆಶ್ರಮದಿಂದ ಅದನ್ನು ದೂರ ಇಟ್ಟಿದ್ದರು, ರೇಡಿಯೋದಿಂದಲೂ ಕೈಬಿಡಬೇಕು ಅಂತ 1940ರ ಜನವರಿಯಲ್ಲಿ ಕಲ್ಕತ್ತೆಯ ನಿಲಯಕ್ಕೆ ಬರೆದರು. ದೆಹಲಿಯ ಆಲ್ ಇಂಡಿಯಾ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ 1938ರಲ್ಲಿ ರೇಡಿಯೋದ ಪತ್ರಿಕೆಯಲ್ಲೇ ಹಾರ್ಮೋನಿಯಂ ವಿರುದ್ಧ ಲೇಖನ ಬರೆದಿದ್ದರು. ಕೊನೆಗೆ 1940ರ ಮಾರ್ಚ್ 1ರಿಂದ ರೇಡಿಯೋದಲ್ಲಿ ಹಾರ್ಮೋನಿಯಂ ಬಂದ್. ಆಗ ರೇಡಿಯೋದ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್ ಅನ್ನೋ ಇಂಗ್ಲಿಷ್ ಅಧಿಕಾರಿ.

ತಮಾಷೆ ನೋಡಿ. 'ಇದು ಭಾರತೀಯ ವಾದ್ಯ ಅಲ್ಲ' ಅಂತ ಭಾರತೀಯರಿಗೆ ಹೇಳಿ ಆದೇಶ ಹೊರಡಿಸಿದವರು ಇಂಗ್ಲಿಷರು. ಸ್ವಾತಂತ್ರ್ಯ ಬಂದ ಮೇಲೆ ಅದು ಹೋಗಬೇಕಿತ್ತು, ಹೋಗಲಿಲ್ಲ. ಸ್ವದೇಶಿ ಅನ್ನೋ ಕಾರಣ ಸೇರಿ ಇನ್ನೂ ಗಟ್ಟಿಯಾಯಿತು. 1948ರಲ್ಲಿ ನಾಗಪುರದಲ್ಲೇ ಆಕಾಶವಾಣಿ ನಿಲಯ ಶುರುವಾಯಿತು, ಹಾರ್ಮೋನಿಯಂಗೆ ಅಲ್ಲಿಯೂ ಪ್ರವೇಶ ಇರಲಿಲ್ಲ. 1952ರಿಂದ ಹತ್ತು ವರ್ಷ ಪ್ರಸಾರ ಖಾತೆ ನೋಡಿಕೊಂಡ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಮಟ್ಟಿಗೆ ಕಟ್ಟುನಿಟ್ಟಿನ ಮನುಷ್ಯ. ಸಿನಿಮಾ ಹಾಡುಗಳನ್ನೇ ರೇಡಿಯೋದಿಂದ ದೂರ ಇಟ್ಟು, ಜನರೆಲ್ಲ ರೇಡಿಯೋ ಸಿಲೋನ್ ಕಡೆ ತಿರುಗೋ ಹಾಗೆ ಮಾಡಿದವರು. ಹಾರ್ಮೋನಿಯಂಗೆ ಅವರ ಕಾಲದಲ್ಲೂ ಬಾಗಿಲು ತೆರೆಯಲಿಲ್ಲ.

ಆ ಕಾಲದಲ್ಲಿ ರೇಡಿಯೋ ಅಂದ್ರೆ ಏನು ಅನ್ನೋದನ್ನು ಇವತ್ತಿನ ನಾವು ಊಹಿಸಿಕೊಳ್ಳಬೇಕು. ರಾಜರ ಆಸ್ಥಾನಗಳು ಮುಚ್ಚಿಹೋಗುತ್ತಿದ್ದವು. ಸಂಗೀತಗಾರನಿಗೆ ತಿಂಗಳ ಸಂಬಳ ಕೊಡೋ ಜಾಗ ಅಂದ್ರೆ ಆಕಾಶವಾಣಿ ಒಂದೇ. ಸಾರಂಗಿಯವರಿಗೆ, ತಬಲಾದವರಿಗೆ, ಪಿಟೀಲಿನವರಿಗೆ 'ನಿಲಯದ ಕಲಾವಿದ' ಅಂತ ಕೆಲಸ ಇತ್ತು. ಎ ಗ್ರೇಡ್, ಬಿ ಹೈ ಅನ್ನೋ ದರ್ಜೆಯ ಮೇಲೆ ಹೊರಗಿನ ಕಛೇರಿಯ ಸಂಭಾವನೆಯೂ ನಿಂತಿತ್ತು. ಹಾರ್ಮೋನಿಯಂನವರಿಗೆ ಇದ್ಯಾವುದೂ ಇಲ್ಲ. ಸಂಜೆ ಯಾವ ಗಾಯಕರಿಗೆ ಊರಿನ ಸಭೆಯಲ್ಲಿ ಸಾಥ್ ಕೊಟ್ಟಿದ್ದರೋ, ಅದೇ ಗಾಯಕರು ಮಾರನೇ ದಿನ ರೇಡಿಯೋ ಸ್ಟುಡಿಯೋಗೆ ಹೋದರೆ ಇವರು ಹೊರಗೆ.

1971ರಲ್ಲಿ ಆದೇಶ ಸ್ವಲ್ಪ ಸಡಿಲ ಆಯಿತು. ಮೇಲಿನ ದರ್ಜೆಯ ಗಾಯಕರು ಬೇಕಿದ್ದರೆ ಪಕ್ಕವಾದ್ಯವಾಗಿ ಇಟ್ಟುಕೊಳ್ಳಬಹುದು ಅಂತ. ಸೋಲೋಗೆ ಆಗಲೂ ಅನುಮತಿ ಇಲ್ಲ. ಮೂವತ್ತೊಂದು ವರ್ಷ ಆದ ಮೇಲೆ ತೆರೆದದ್ದು ಅರ್ಧ ಬಾಗಿಲು.

ಆಕ್ಷೇಪಣೆ ಸುಳ್ಳಾಗಿರಲಿಲ್ಲ

ಇಲ್ಲಿ ನಾವು ಸುಮ್ಮನೆ 'ಅಯ್ಯೋ ಅನ್ಯಾಯ' ಅಂದುಬಿಟ್ಟರೆ ಕತೆ ಅರ್ಥ ಆಗೋದಿಲ್ಲ. ಹಾರ್ಮೋನಿಯಂ ಬೇಡ ಅಂದವರ ಹತ್ತಿರ ಎರಡು ಗಟ್ಟಿ ಕಾರಣ ಇದ್ದವು. ಲೆಕ್ಕ ಇಷ್ಟಪಡೋರಿಗೆ ಇದು ಚೆನ್ನಾಗಿರುತ್ತೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲನೆಯದು ಶ್ರುತಿ. ಷಡ್ಜ 240 ಹರ್ಟ್ಜ್ ಅಂತ ಇಟ್ಟುಕೊಳ್ಳಿ. ತಂಬೂರಿಯ ಜೊತೆ ಗಾಯಕರು ಕಿವಿಯಲ್ಲೇ ಹಿಡಿಯೋ ಶುದ್ಧ ಗಾಂಧಾರ ಷಡ್ಜದ ಐದು ನಾಲ್ಕಾಂಶ, ಅಂದ್ರೆ 300. ಪಂಚಮ ಒಂದೂವರೆ ಪಟ್ಟು, 360. ಧೈವತ ಐದು ಮೂರಾಂಶ, 400. ಎಲ್ಲಾ ಚೊಕ್ಕ ಭಿನ್ನರಾಶಿಗಳು.

ಪಿಯಾನೋ, ಕೀಬೋರ್ಡ್, ಪಾಶ್ಚಾತ್ಯ ಪದ್ಧತಿಯಲ್ಲಿ ಶ್ರುತಿ ಮಾಡಿದ ಹಾರ್ಮೋನಿಯಂ ಹಾಗಲ್ಲ. ಅಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ. ಪ್ರತಿ ಮನೆಯೂ ಹಿಂದಿನದಕ್ಕಿಂತ 2ರ ಹನ್ನೆರಡನೇ ಮೂಲದಷ್ಟು, ಅಂದ್ರೆ ಸುಮಾರು 1.0595 ಪಟ್ಟು ಹೆಚ್ಚು. ಆ ಲೆಕ್ಕದಲ್ಲಿ ಗಾಂಧಾರ 302.4 ಆಗುತ್ತೆ, ಧೈವತ 403.6. ಪಂಚಮ 359.6, ಅದು ಪರವಾಗಿಲ್ಲ.

ಎರಡು ಹರ್ಟ್ಜ್ ಏನು ಮಹಾ ಅನ್ನಿಸಬಹುದು. ಮೊಬೈಲಿನಲ್ಲಿ ಯಾವುದಾದರೂ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 300 ಮತ್ತು 302.4 ಎರಡನ್ನೂ ಒಟ್ಟಿಗೆ ನುಡಿಸಿ ನೋಡಿ. ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು 'ವಂವ್ ವಂವ್' ಅಂತ ದನಿ ಏರಿಳಿಯುತ್ತೆ. ಪಿಯುಸಿ ಫಿಸಿಕ್ಸಲ್ಲಿ ಬೀಟ್ಸ್ ಅಂತ ಓದಿದ್ದೇವಲ್ಲ, ಅದೇ. ಗಾಯಕರು ಶುದ್ಧ ಗಾಂಧಾರದಲ್ಲಿ ನಿಂತಾಗ ಪಕ್ಕದ ಪೆಟ್ಟಿಗೆ ಹೀಗೆ ಅಲೆಯುತ್ತಿದ್ದರೆ, ಒಂದೋ ಹಾಡು ಕೆಡುತ್ತೆ, ಇಲ್ಲಾ ಗಾಯಕರ ಕಿವಿಯೇ ನಿಧಾನವಾಗಿ ಪೆಟ್ಟಿಗೆಯ ದಾರಿ ಹಿಡಿಯುತ್ತೆ. ವಿದ್ವಾಂಸರ ನಿಜವಾದ ಭಯ ಈ ಎರಡನೆಯದು.

ಎರಡನೆಯ ಆಕ್ಷೇಪಣೆ ಮೀಂಡ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು. ಸಾರಂಗಿಯಲ್ಲಿ ಬೆರಳು ತಂತಿಯ ಮೇಲೆ ಜಾರುತ್ತೆ, ಸಿತಾರಿನಲ್ಲಿ ತಂತಿ ಎಳೀಬಹುದು. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ, ಬಿಟ್ಟರೆ ಮೌನ. ಎರಡು ಮನೆಗಳ ಮಧ್ಯೆ ಏನೂ ಇಲ್ಲ. ದರ್ಬಾರಿ ರಾಗದ ತೂಗುವ ಕೋಮಲ ಗಾಂಧಾರವನ್ನು ಈ ಪೆಟ್ಟಿಗೆಯಲ್ಲಿ ಇದ್ದ ಹಾಗೆ ನುಡಿಸೋದು ಸಾಧ್ಯವೇ ಇಲ್ಲ.

ನಾಗಪುರದಿಂದ ಮುಂಬೈಗೆ

ಈ ಹಿನ್ನೆಲೆಯಲ್ಲಿ ಚಿಮೋಟೆಯವರನ್ನು ನೋಡಿ. ಆದೇಶ ಬಂದಾಗ ಅವರಿಗೆ ಸುಮಾರು ಹನ್ನೊಂದು ವರ್ಷ. ಆ ವಯಸ್ಸಿನ ಹುಡುಗನಿಗೆ ಮನೆಯವರು ಏನು ಹೇಳಬೇಕು? ಸಿತಾರ್ ಕಲಿ, ಪಿಟೀಲು ಕಲಿ, ಇದರಲ್ಲಿ ಭವಿಷ್ಯ ಇಲ್ಲ ಅಂತ ಯಾರಾದರೂ ಅಂದಿದ್ದರೆ ತಪ್ಪೇನೂ ಇರಲಿಲ್ಲ. ಅವರು ಹಾರ್ಮೋನಿಯಂ ಬಿಡಲಿಲ್ಲ. ಹಾರ್ಮೋನಿಯಂನಲ್ಲಿ ತಮ್ಮದೇ ದಾರಿ ಮಾಡಿಕೊಂಡಿದ್ದ ಪಂಡಿತ್ ಭೀಷ್ಮದೇವ ವೇದಿ ಅವರಲ್ಲಿ ಕಲಿತರು. ಆಮೇಲೆ ಮುಂಬೈಯಲ್ಲಿ ನೆಲೆ ನಿಂತರು.

ಅವರ ಮುಂದೆ ಎರಡು ದಾರಿ ಇದ್ದವು. ಒಂದು, 'ಈ ಆಕ್ಷೇಪಣೆಗಳೆಲ್ಲ ಬರೀ ಹೊಟ್ಟೆಕಿಚ್ಚು' ಅಂತ ಜಗಳಕ್ಕೆ ನಿಲ್ಲೋದು. ಇನ್ನೊಂದು, ಆಕ್ಷೇಪಣೆಯಲ್ಲಿ ಎಷ್ಟು ಸತ್ಯ ಇದೆಯೋ ಅಷ್ಟನ್ನು ಒಪ್ಪಿಕೊಂಡು ಪೆಟ್ಟಿಗೆಯನ್ನು ಬಿಚ್ಚಿ ಕೂರೋದು. ಅವರು ಎರಡನೆಯದನ್ನು ಆರಿಸಿಕೊಂಡರು. ವಾದ್ಯವನ್ನು ಮಾರ್ಪಡಿಸಿದರು, ಅದಕ್ಕೆ ಸ್ವರಮಂಡಲದ ತಂತಿಗಳನ್ನು ಜೋಡಿಸಿದರು. ಮಾರ್ಪಾಡಾದ ಈ ಭಾರತೀಯ ಹಾರ್ಮೋನಿಯಂಗೆ 'ಸಂವಾದಿನಿ' ಅಂತ ಹೆಸರಿಟ್ಟರು.

ಸ್ವರಮಂಡಲ ಯಾಕೆ? ಹಾರ್ಮೋನಿಯಂ ಸ್ವರ ನಿಂತರೆ ನಿಂತಿತು, ಅದಕ್ಕೆ ಬಾಲ ಇಲ್ಲ. ಸಿತಾರಿನಲ್ಲಿ, ಸಾರಂಗಿಯಲ್ಲಿ ಕೆಳಗೆ ತರಫಿನ ತಂತಿಗಳಿರುತ್ತವೆ, ನೀವು ಮುಟ್ಟದಿದ್ದರೂ ಮೇಲಿನ ಸ್ವರಕ್ಕೆ ಅವು ತಾವೇ ಮಿಡಿಯುತ್ತವೆ. ರಾಗಕ್ಕೆ ತಕ್ಕಂತೆ ಶ್ರುತಿ ಮಾಡಿದ ತಂತಿಗಳು ಜೊತೆಗಿದ್ದರೆ, ಒಣ ಸ್ವರಗಳ ಸುತ್ತ ಒಂದು ತೇವ ಬರುತ್ತೆ. ಜೊತೆಗೆ ಇನ್ನೊಂದು ಉಪಯೋಗ: ಪೆಟ್ಟಿಗೆಯ ಸ್ವರ ತಂತಿಯ ಸ್ವರಕ್ಕೆ ಕೂಡದೆ ಇದ್ದರೆ ತಕ್ಷಣ ಗೊತ್ತಾಗುತ್ತೆ. ವಾದಕನ ಕಿವಿಯನ್ನು ಕಾಯೋ ಕಾವಲುಗಾರ ಪೆಟ್ಟಿಗೆಯ ಜೊತೆಯಲ್ಲೇ.

ಹೆಸರು ಬದಲಿಸಿದ್ದು ಬರೀ ಬೋರ್ಡ್ ಬದಲಿಸಿದ ಹಾಗಲ್ಲ. ಸಂವಾದಿನಿ ಅಂದ್ರೆ ಸಂವಾದ ಮಾಡುವವಳು. ನಮ್ಮ ಸಂಗೀತದಲ್ಲಿ ವಾದಿ, ಸಂವಾದಿ ಅನ್ನೋದು ರಾಗದ ಎರಡು ಮುಖ್ಯ ಸ್ವರಗಳ ಹೆಸರು. ಷಡ್ಜಕ್ಕೂ ಪಂಚಮಕ್ಕೂ ಇರುವ ಹೊಂದಾಣಿಕೆಗೆ ಸಂವಾದ ಅಂತಲೇ ಹೆಸರು. ಯಾವ ಗುಣ ಇಲ್ಲ ಅಂತ ವಾದ್ಯವನ್ನು ಹೊರಗಿಟ್ಟಿದ್ದರೋ, ಆ ಗುಣವನ್ನೇ ಹೆಸರಾಗಿ ಇಟ್ಟರು. ಹೆಸರಿಟ್ಟ ಮೇಲೆ ಆ ಮಾತು ಉಳಿಸಿಕೊಳ್ಳೋ ಜವಾಬ್ದಾರಿ ವಾದಕನದು.

ಜಾರಲಾರದ ವಾದ್ಯದಲ್ಲಿ ಜಾರುವುದು

ಶ್ರುತಿಯ ತೊಂದರೆಗೆ ಪರಿಹಾರ ಮೊದಲಿನಿಂದಲೂ ರಿಪೇರಿ ಮಾಡೋರ ಕೈಯಲ್ಲಿತ್ತು. ರೀಡ್ ಅಂದ್ರೆ ಹಿತ್ತಾಳೆಯ ನಾಲಿಗೆ. ಅದರ ತುದಿಯನ್ನು ಸ್ವಲ್ಪ ಕೆರೆದರೆ ತೂಕ ಇಳಿದು ಸ್ವರ ಏರುತ್ತೆ. ಬುಡದಲ್ಲಿ ಕೆರೆದರೆ ಬಿಗಿ ಸಡಿಲಾಗಿ ಸ್ವರ ಇಳಿಯುತ್ತೆ. ಹೀಗೆ ಒಂದೊಂದೇ ನಾಲಿಗೆಯನ್ನು ಕೆರೆದು, ತಂಬೂರಿಗೆ ಕೂಡಿಸಿ, 302.4 ಇದ್ದದ್ದನ್ನು 300ಕ್ಕೆ ತರೋದನ್ನು ಮಹಾರಾಷ್ಟ್ರದಲ್ಲಿ 'ಗಾಂಧಾರ್ ಟ್ಯೂನಿಂಗ್' ಅಂತಾರೆ.

ಆದರೆ ಇದಕ್ಕೊಂದು ಬೆಲೆ ಇದೆ. ಹೀಗೆ ಶ್ರುತಿ ಮಾಡಿದ ಪೆಟ್ಟಿಗೆ ಒಂದೇ ಷಡ್ಜಕ್ಕೆ ಸರಿ. ಮೇಲಿನ ಲೆಕ್ಕದಲ್ಲೇ ರಿಷಭ 270. ನಾಳೆ ಯಾರೋ ಗಾಯಕರು ಆ 270ನ್ನೇ ಷಡ್ಜ ಮಾಡಿಕೊಂಡು ಹಾಡ್ತೀನಿ ಅಂದರೆ ಅವರಿಗೆ ಪಂಚಮ 405 ಬೇಕು. ಪೆಟ್ಟಿಗೆಯಲ್ಲಿ ಇರೋದು 400. ಐದು ಹರ್ಟ್ಜ್ ಬೇಸೂರು. ಹತ್ತು ಜನ ಗಾಯಕರಿಗೆ ಸಾಥ್ ಕೊಟ್ಟು ಬದುಕೋ ವಾದಕನಿಗೆ ಇದು ಆಗಿಬರೋದಿಲ್ಲ. ಸೋಲೋ ವಾದಕ ಮಾತ್ರ 'ಇದೇ ನನ್ನ ಷಡ್ಜ' ಅಂತ ಕೂರಬಹುದು. ಅಂದ್ರೆ ಸೋಲೋ ಅನ್ನೋದು ಪ್ರತಿಷ್ಠೆಯ ಮಾತಷ್ಟೇ ಅಲ್ಲ, ವಾದ್ಯ ಶುದ್ಧವಾಗಿ ನುಡಿಯೋಕೆ ಅದೇ ಒಳ್ಳೆಯ ದಾರಿ.

ಮೀಂಡಿಗೆ ಮಾತ್ರ ರಿಪೇರಿ ಇಲ್ಲ, ಅಲ್ಲಿ ಕೈಚಳಕ ಬೇಕು. ಒಂದು ಮನೆಯನ್ನು ಪೂರ್ತಿ ಬಿಡೋ ಮುಂಚೆ ಮುಂದಿನದನ್ನು ಒತ್ತೋದು. ಮಧ್ಯದ ಸ್ವರಗಳನ್ನು ಕಣದ ಹಾಗೆ ಸವರಿ ಹೋಗೋದು. ಅದೇ ಗಳಿಗೆಯಲ್ಲಿ ಎಡಗೈ ತಿದಿಯ ಒತ್ತಡ ಇಳಿಸಿ ದನಿಯನ್ನು ತೆಳ್ಳಗೆ ಮಾಡೋದು. ಇದೆಲ್ಲ ಕೂಡಿದರೆ ಕಿವಿಗೆ ಜಾರಿದ ಹಾಗೇ ಕೇಳಿಸುತ್ತೆ. ನಿಜವಾಗಿ ಜಾರಿರೋದಿಲ್ಲ, ಜಾರೋದನ್ನು ಕೇಳುಗನ ಕಿವಿಯೇ ತುಂಬಿಕೊಂಡಿರುತ್ತೆ. ಹಾಡುಗಾರರ ಹಾಗೆ ನುಡಿಸೋ ಈ ರೀತಿಗೆ ಗಾಯಕಿ ಅಂಗ ಅಂತಾರೆ, ಚಿಮೋಟೆಯವರು ಹಿಡಿದದ್ದು ಅದನ್ನೇ. ಆ ವಾದನದಲ್ಲಿ ಬಲಗೈಗಿಂತ ಎಡಗೈ ಮುಖ್ಯ. ಹಾಡುವವರಿಗೆ ಉಸಿರು ಹೇಗೋ, ಇಲ್ಲಿ ತಿದಿ ಹಾಗೆ.

ಪಿ. ಮಧುಕರ್ ಅವರಂಥ ಬೇರೆ ವಾದಕರೂ ಇದೇ ಕಾಲದಲ್ಲಿ ಸೋಲೋ ನುಡಿಸಿ ಹೆಸರು ಮಾಡಿದ್ದರು. ಚಿಮೋಟೆಯವರ ವಿಶೇಷ ಏನು ಅಂದ್ರೆ, ವಾದ್ಯಕ್ಕೆ ಬೇರೆ ಹೆಸರು, ಬೇರೆ ರೂಪ, ಬೇರೆ ಜಾಗ, ಮೂರನ್ನೂ ಒಂದೇ ಬಾಳಿನ ಕೆಲಸವಾಗಿ ಮಾಡಿಕೊಂಡದ್ದು. ಅವರ ಶಿಷ್ಯರಾದ ಜಿತೇಂದ್ರ ಗೋರೆ, ರಾಜೇಂದ್ರ ವೈಶಂಪಾಯನ ಅವರು ಸಂವಾದಿನಿ ಅನ್ನೋ ಹೆಸರಿನಲ್ಲೇ ಅದನ್ನು ಮುಂದುವರಿಸಿದ್ದಾರೆ.

ಬೆಳಗಾವಿಯ ಇನ್ನೊಂದು ಉತ್ತರ

ಕನ್ನಡಿಗರಾಗಿ ನಾವು ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಹೋದರೆ ಆಗೋದಿಲ್ಲ. ಪಂಡಿತ್ ರಾಮಭಾವು ಬಿಜಾಪುರೆ. 1917ರಲ್ಲಿ ಗಡಿಯ ಕಾಗವಾಡದಲ್ಲಿ ಹುಟ್ಟಿ, 2010ರವರೆಗೆ ಬದುಕಿದವರು. ಆಗ ಬೆಳಗಾವಿಯಲ್ಲಿ ನೆಲೆಸಿದ್ದ ರಾಮಕೃಷ್ಣಬುವಾ ವಝೆ ಅವರಂಥವರಲ್ಲಿ ಕಲಿತು, 1930ರ ದಶಕದ ಕೊನೆಯಲ್ಲೇ ಅದೇ ಊರಿನಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ಶುರು ಮಾಡಿದರು.

ಚಿಮೋಟೆ ಕೊಟ್ಟ ಉತ್ತರ ಸೋಲೋ. ಬಿಜಾಪುರೆ ಸೋಲೋ ನುಡಿಸಿದರೂ, ಬಾಳಿನ ಬಹುಪಾಲು ಕೊಟ್ಟದ್ದು ಸಾಥಿಗೆ ಮತ್ತು ಪಾಠಕ್ಕೆ. ಮಲ್ಲಿಕಾರ್ಜುನ ಮನಸೂರರಂಥ ಗಾಯಕರ ಪಕ್ಕ ಕೂರೋದು ಸುಲಭದ ಕೆಲಸ ಅಲ್ಲ. ಅವರು ಎರಡು ಮೂರು ರಾಗ ಕೂಡಿದ ಜೋಡುರಾಗಗಳನ್ನು ಎತ್ತಿಕೊಂಡರೆ, ಮುಂದಿನ ಸ್ವರ ಯಾವುದು ಅಂತ ಊಹಿಸಿ ಕ್ಷಣದ ಹಿಂದೆ ಬರಬೇಕು, ಮುಂದೆ ಹೋಗಬಾರದು. ಗಾಯಕರು ಮೀಂಡ್ ತೆಗೆಯುವಾಗ ಬಿಟ್ಟು ಕೊಡಬೇಕು, ಸ್ವರದ ಮೇಲೆ ನಿಂತಾಗ ಬಂದು ಕೂಡಿಕೊಳ್ಳಬೇಕು. ವಾದ್ಯದ ದೋಷ ಎಲ್ಲಿದೆಯೋ ಅಲ್ಲಿ ಸುಮ್ಮನಿರೋದು. ಇದೂ ಆಕ್ಷೇಪಣೆಗೆ ಒಂದು ಉತ್ತರವೇ.

ಅವರ ಶಿಷ್ಯರಲ್ಲಿ ಒಬ್ಬರಾದ ರವೀಂದ್ರ ಕಾಟೋಟಿ ಬೆಂಗಳೂರಿನಲ್ಲಿದ್ದುಕೊಂಡು ಸೋಲೋ, ಸಾಥ್ ಎರಡನ್ನೂ ನಡೆಸುತ್ತಿದ್ದಾರೆ. 2018ರಲ್ಲಿ ಬೆಂಗಳೂರಿನಲ್ಲಿ ಹಾರ್ಮೋನಿಯಂಗೆಂದೇ ನಡೆದ ಸಮ್ಮೇಳನದ ಹೆಸರಿನಲ್ಲೂ 'ಸಂವಾದಿನಿ' ಅನ್ನೋ ಪದ ಇತ್ತು. ನಾಗಪುರದ ಹುಡುಗ ಇಟ್ಟ ಹೆಸರು ಕನ್ನಡನಾಡಿಗೂ ಬಂದು ಕೂತಿದೆ.

ಈಗ ಏನಾಗಿದೆ?

ಹಾರ್ಮೋನಿಯಂನವರಿಗೆ ಈಗ ಮನ್ನಣೆಗೆ ಕೊರತೆ ಇಲ್ಲ. ಪಿ. ಮಧುಕರ್ ಅವರ ಶಿಷ್ಯ ತುಳಸೀದಾಸ ಬೋರ್ಕರ್ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಅವರ ಶಿಷ್ಯ ಸುಧೀರ್ ನಾಯಕ್ ಅವರನ್ನು ನೀವು ಎಷ್ಟೋ ಕಛೇರಿ ವಿಡಿಯೋಗಳಲ್ಲಿ ಗಾಯಕರ ಪಕ್ಕ ನೋಡಿರುತ್ತೀರಿ, ಹೆಸರು ಗಮನಿಸಿರೋದಿಲ್ಲ ಅಷ್ಟೇ. ಪುಣೆಯ ತನ್ಮಯ ದೇವಚಕೆ ಅವರಂಥ ಹೊಸ ತಲೆಮಾರಿನವರ ಸೋಲೋಗೆ ಯುವಕರೇ ಹೆಚ್ಚು ಕೇಳುಗರು. ವೈದ್ಯರಾದ ವಿದ್ಯಾಧರ ಓಕ್ ಅವರು 22 ಶ್ರುತಿಗಳ ಹಾರ್ಮೋನಿಯಂ ರೂಪಿಸಿದ್ದಾರೆ. ಅದರಲ್ಲಿ ರಾಗಕ್ಕೆ ತಕ್ಕಂತೆ ಸ್ವರದ ಎತ್ತರ ಬದಲಿಸಿಕೊಳ್ಳಬಹುದು. ಅವರ ಮಗ ಆದಿತ್ಯ ಓಕ್ ಹಾರ್ಮೋನಿಯಂ ಜೊತೆ ಹಳೆಯ ನಾಟಕದ ಆರ್ಗನ್ನನ್ನೂ ನುಡಿಸುತ್ತಾರೆ. ಆ ಕಾಲಲ್ಲಿ ತುಳಿಯೋ ಪೆಟ್ಟಿಗೆಯ ದನಿ ಇನ್ನೂ ಜೀವಂತ ಇದೆ ಅನ್ನೋದೇ ಸಂತೋಷ.

ಹಾಗಂತ ಎಲ್ಲಾ ಜಗಳ ಮುಗಿದಿದೆ ಅಂತಲ್ಲ. ಸಾರಂಗಿಯವರ ನೋವು ಒಂದಿದೆ, ಅದನ್ನು ಮುಚ್ಚಿಡಬಾರದು. ಗಾಯಕರ ಪಕ್ಕದ ಜಾಗ ಮೊದಲು ಅವರದು. ಕಲಿಯೋಕೆ ಬೇಗ, ಶ್ರುತಿ ಮಾಡೋ ಗೋಜಿಲ್ಲ, ಹೊತ್ತೊಯ್ಯೋಕೆ ಸುಲಭ ಅನ್ನೋ ಕಾರಣಕ್ಕೆ ಹಾರ್ಮೋನಿಯಂ ಆ ಜಾಗಕ್ಕೆ ಬಂದು ಕೂತಿತು. ರೇಡಿಯೋದ ಆದೇಶ ಎಷ್ಟೋ ಸಾರಂಗಿಯವರ ಮನೆಯಲ್ಲಿ ಒಲೆ ಉರಿಸಿದೆ. ಯಾವ ನಿಯಮ ಒಬ್ಬರ ಬಾಗಿಲು ಮುಚ್ಚಿತೋ ಅದೇ ನಿಯಮ ಇನ್ನೊಬ್ಬರ ಬಾಗಿಲು ತೆರೆದಿತ್ತು.

ಕೇಳೋದು ಹೇಗೆ?

ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. ಸಂಜೆ ಕ್ಯಾಬಿನಲ್ಲಿ ಮನೆಗೆ ಹೋಗುವಾಗ ಇಯರ್‌ಫೋನ್ ಹಾಕಿಕೊಂಡು ಮನೋಹರ ಚಿಮೋಟೆ ಅಂತ ಹುಡುಕಿ, ಸಂವಾದಿನಿಯ ಒಂದು ಸೋಲೋ ಕೇಳಿ. ವೇಗದ ತಾನಗಳಿಗೆ ಕಾಯಬೇಡಿ, ಅವು ಯಾರ ಕೈಯಲ್ಲಾದರೂ ಚೆನ್ನಾಗಿರುತ್ತವೆ. ಶುರುವಿನ ನಿಧಾನದ ಆಲಾಪದಲ್ಲಿ ಮೂರು ವಿಷಯ ಗಮನಿಸಿ.

ಒಂದು, ಸ್ವರ ಶುರುವಾಗುವಾಗ 'ಟಕ್' ಅಂತ ಬರುತ್ತಾ, ಇಲ್ಲಾ ಮೌನದಿಂದ ಮೆಲ್ಲಗೆ ಏಳುತ್ತಾ? ಅದು ಎಡಗೈಯ ಕೆಲಸ. ಎರಡು, ಗಾಂಧಾರದ ಮೇಲೋ ಧೈವತದ ಮೇಲೋ ನಿಂತಾಗ ದನಿ ನಿಶ್ಚಲವಾಗಿದೆಯಾ, ಇಲ್ಲಾ ತಂಬೂರಿಯ ಜೊತೆ ಅಲೆಯುತ್ತಿದೆಯಾ? ಅದು ರೀಡ್ ಕೆರೆದವರ ಕೆಲಸ. ಮೂರು, ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಮಧ್ಯೆ ಬಿರುಕು ಕೇಳಿಸುತ್ತಾ? ಕೇಳಿಸದಿದ್ದರೆ ಅದು ಬಾಳಿಡೀ ಮಾಡಿದ ರಿಯಾಜ್. ಆಮೇಲೆ ಬಿಜಾಪುರೆಯವರು ಸಾಥ್ ಕೊಟ್ಟ ಯಾವುದಾದರೂ ಕಛೇರಿ ಸಿಕ್ಕರೆ, ಅಲ್ಲಿ ಪೆಟ್ಟಿಗೆ ಎಲ್ಲೆಲ್ಲಿ ಸುಮ್ಮನಾಗುತ್ತೆ ಅಂತ ಲೆಕ್ಕ ಹಾಕಿ.

300 ಮತ್ತು 302.4ರ ಪ್ರಯೋಗ ಮಾಡಿದವರು ಏನು ಕೇಳಿಸಿತು ಅಂತ ವಿಡಿಯೋದ ಕೆಳಗೆ ಬರೀರಿ. ನಿಮ್ಮ ಊರಿನ ಕಂಪನಿ ನಾಟಕದ ಪೇಟಿ ಮಾಸ್ತರರು ಹಾಕಿದ ಒಂದು ಮಟ್ಟು ನಿಮಗೋ ನಿಮ್ಮ ಅಜ್ಜಿಗೋ ನೆನಪಿದ್ದರೆ ಹಾಡಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಆ ಮಟ್ಟುಗಳಲ್ಲಿ ಬಹುಪಾಲು ಎಲ್ಲೂ ಬರೆದಿಟ್ಟಿಲ್ಲ.